ಚೆಕ್ಕಿನ ಹಿಂಬದಿ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಯಾವ ಕಾಗದ ಕೈಗೆ ಬಂದರೂ ತಿರುಗಿಸಿ ಹಿಂಬದಿ ನೋಡುವ ಚಾಳಿ ಹೋಗುವುದಿಲ್ಲ. ಮದುವೆಯ ಪತ್ರಿಕೆಯನ್ನೂ ನಾನು ತಿರುಗಿಸಿ ನೋಡುತ್ತೇನೆ, ಮನೆಯವರು ನಗುತ್ತಾರೆ. ನಗಲಿ. ಚೆಕ್ಕಿನ ಮುಂಬದಿಯಲ್ಲಿ ಇರುವುದು ಬರೆದವನ ಮಾತು. ಅದು ಯಾರ್ಯಾರ ಕೈ ದಾಟಿ ಬಂತು ಅನ್ನುವುದು ಹಿಂಬದಿಯಲ್ಲಿ ಇರುತ್ತದೆ.

ಈಗಿನ ಹುಡುಗರಿಗೆ ಇದು ಗೊತ್ತಿರಲಿಕ್ಕಿಲ್ಲ. ಈಗೆಲ್ಲ ಅಕೌಂಟ್ ಪೇಯಿ ಚೆಕ್ಕು, ಇಲ್ಲವೇ ಫೋನಿನಲ್ಲೇ ದುಡ್ಡು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಬೀದರ ಜಿಲ್ಲೆಯ ಅಡತಿ ಅಂಗಡಿಗಳಲ್ಲಿ ಚೆಕ್ಕು ಕೈಯಿಂದ ಕೈಗೆ ಹೋಗುತ್ತಿತ್ತು. ತೊಗರಿ ವ್ಯಾಪಾರಿ ತನಗೆ ಬಂದ ಚೆಕ್ಕಿನ ಹಿಂದೆ ಸಹಿ ಹಾಕಿ ಗೋಣಿಚೀಲದವನಿಗೆ ಕೊಡುವುದು, ಅವನು ತನ್ನ ಸಹಿ ಹಾಕಿ ಲಾರಿಯವನಿಗೆ ಕೊಡುವುದು. ಇದಕ್ಕೆ ಎಂಡಾರ್ಸ್‌ಮೆಂಟ್ ಅನ್ನುತ್ತಾರೆ, ಕನ್ನಡದಲ್ಲಿ ಹಿಂಬರಹ. 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ ಹಿಂಬರಹ ಮಾಡಿದವನು ಸುಮ್ಮನೆ ಕಾಗದ ದಾಟಿಸಿದ ಹಾಗಲ್ಲ. ಚೆಕ್ಕು ವಾಪಸು ಬಂದರೆ, ತನ್ನ ನಂತರ ಪಡೆದವರಿಗೆ ಅವನೂ ಹೊಣೆ. ‘ಬರೆದವನು ನಾನಲ್ಲ’ ಅಂದರೆ ನಡೆಯುವುದಿಲ್ಲ. ತಪ್ಪಿಸಿಕೊಳ್ಳಲು ಒಂದು ದಾರಿ ಇದೆ: ಸಹಿಯ ಜೊತೆಗೆ ‘ಸಾನ್ಸ್ ರಿಕೋರ್ಸ್’ ಅಂತ ಬರೆಯಬೇಕು. ಇದು ಪಾಸಾಗದಿದ್ದರೆ ನನ್ನನ್ನು ಕೇಳಬೇಡಿ ಅಂತ ಅರ್ಥ. ಹಾಗೆ ಬರೆದ ಕಾಗದವನ್ನು ನಮ್ಮ ಅಡತಿಯವರು ಕೈಯಲ್ಲೂ ಮುಟ್ಟುತ್ತಿರಲಿಲ್ಲ.

ಈಗ ದಿನಕ್ಕೆ ಹತ್ತು ಸಲ ಫೋನಿನಲ್ಲಿ ಅದೇ ಮಾತು ಬೇರೆ ರೂಪದಲ್ಲಿ ಬರುತ್ತದೆ: ‘ಫಾರ್ವರ್ಡೆಡ್ ಆಸ್ ರಿಸೀವ್ಡ್’. ಬಂದದ್ದನ್ನು ಬಂದ ಹಾಗೆ ಕಳಿಸಿದ್ದೇನೆ, ನನ್ನನ್ನು ಕೇಳಬೇಡಿ. ವ್ಯತ್ಯಾಸ ಇಷ್ಟೇ, ಈ ಕಾಗದವನ್ನು ಎಲ್ಲರೂ ಮುಟ್ಟುತ್ತಾರೆ. ಸುದ್ದಿ ಹುಟ್ಟಿಸಿದವನ ಪಾಪದ ಬಗ್ಗೆ ಯಾರಿಗೂ ಸಂಶಯವಿಲ್ಲ. ದಾಟಿಸಿದವನ ಪಾಲು ಎಷ್ಟು? ಹೈದರಾಬಾದಿನಲ್ಲಿ ಕೂತು ಊರಿನ ಸುದ್ದಿ ಓದುವ ನನ್ನಂಥವನಿಗೆ ಇದು ಬರೀ ತರ್ಕದ ಪ್ರಶ್ನೆಯಲ್ಲ. ಯಾಕೆ ಅಂತ ಹೇಳುತ್ತೇನೆ.

ಊರು ಬಿಟ್ಟವನಿಗೆ ಊರಿನ ಸುದ್ದಿಯ ಹಸಿವು ಊರಲ್ಲಿ ಇರುವವರಿಗಿಂತ ಹೆಚ್ಚು. ಮೊದಲು ಇಲ್ಲಿಗೆ ವರ್ಗವಾಗಿ ಬಂದಾಗ ಭಾನುವಾರ ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಹೋಗಿ ಕೂತರೆ ಸುದ್ದಿ ಎರಡು ಬಗೆಯಲ್ಲಿ ಸಿಗುತ್ತಿತ್ತು. ಒಂದು, ತಡವಾಗಿ ಬಂದ ಕನ್ನಡ ಪತ್ರಿಕೆ. ಎರಡು, ಆಗಷ್ಟೇ ಬೀದರ ಬಸ್ಸು ಇಳಿದು ಬಂದ ಮನುಷ್ಯ. ಪತ್ರಿಕೆಗೆ ನಮ್ಮ ಭಾಲ್ಕಿ ಕಡೆಯಿಂದ ಸುದ್ದಿ ಕಳಿಸುವವರು ಯಾರು ಅಂತ ಊರಿಗೆಲ್ಲ ಗೊತ್ತಿರುತ್ತಿತ್ತು. ಬರೆದದ್ದು ತಪ್ಪಾದರೆ ಮರುದಿನ ಚಹದ ಅಂಗಡಿಯಲ್ಲಿ ಅವರನ್ನು ಹಿಡಿದು ಕೇಳುತ್ತಿದ್ದರು, ಕೆಲವು ಸಲ ಅಂಗಿ ಹಿಡಿದೂ ಕೇಳುತ್ತಿದ್ದರು. ಓದುಗರು ಬರೆಯುವ ಪತ್ರಗಳಿಗೂ ಒಂದು ನಿಯಮ ಇತ್ತು, ಪೂರ್ತಿ ಹೆಸರು ಮತ್ತು ವಿಳಾಸ ಬೇಕು. ಅಚ್ಚಿನಲ್ಲಿ ‘ನೊಂದ ನಾಗರಿಕ’ ಅಂತ ಬಂದರೂ ಸಂಪಾದಕರ ಹತ್ತಿರ ನೊಂದವನ ಮನೆ ನಂಬರು ಇರುತ್ತಿತ್ತು.

ಆದರೆ ಆ ಕಾಲವೇ ಚೆನ್ನಾಗಿತ್ತು ಅಂತ ಹೇಳಲು ನಾನು ತಯಾರಿಲ್ಲ. ಆ ಪತ್ರಿಕೆಗಳಲ್ಲಿ ನಮ್ಮ ಊರಿನ ಗೌಡರ ಮನೆಯ ಮದುವೆ ಬರುತ್ತಿತ್ತು. ಕೆಳಗಿನ ಓಣಿಗೆ ಮೂರು ತಿಂಗಳಿಂದ ನೀರಿಲ್ಲ ಅನ್ನುವುದು ಬರುತ್ತಿರಲಿಲ್ಲ. ಆ ಓಣಿಯವರಿಗೆ ಸುದ್ದಿ ಕಳಿಸುವವರ ಪರಿಚಯ ಇರಲಿಲ್ಲ. ಈಗ ಅದೇ ಓಣಿಯ ಹುಡುಗ ಖಾಲಿ ಕೊಡಗಳ ಸಾಲಿನ ಫೋಟೋ ತೆಗೆದು ಹಾಕುತ್ತಾನೆ, ಸಂಜೆಯೊಳಗೆ ತಹಶೀಲ್ದಾರರ ಫೋನಿಗೂ ಅದು ಮುಟ್ಟುತ್ತದೆ. 2015ರ ಡಿಸೆಂಬರಿನ ಚೆನ್ನೈ ಪ್ರವಾಹ ನೆನಪಿಸಿಕೊಳ್ಳಿ. ನೌಕರರು ಮುದ್ರಣಾಲಯ ಮುಟ್ಟಲಾಗದೆ, 1878ರಲ್ಲಿ ಶುರುವಾದ ‘ದಿ ಹಿಂದೂ’ ಪತ್ರಿಕೆ ಅಲ್ಲಿ ಒಂದು ದಿನ ಅಚ್ಚಾಗಲೇ ಇಲ್ಲ. ಆ ದಿನಗಳಲ್ಲಿ ಯಾವ ಬೀದಿಯಲ್ಲಿ ನೀರು ಎಷ್ಟಿದೆ, ಯಾರ ಮನೆಯ ಮಹಡಿ ಖಾಲಿ ಇದೆ, ಎಲ್ಲಿ ಊಟ ಸಿಗುತ್ತದೆ ಅಂತ ಊರಿಗೆ ತಿಳಿಸಿದವರಲ್ಲಿ ಫೋನು ಹಿಡಿದ ಸಾಮಾನ್ಯ ಜನವೇ ಹೆಚ್ಚು. ಓದುಗ ವರದಿಗಾರನಾದ. ಅದನ್ನು ತಪ್ಪು ಅನ್ನಲಾದೀತೇ?

ಹೀಗಿರುವಾಗ 2018ರ ಬೇಸಿಗೆ ಬಂತು.

ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಿಡಿಯೋ ನನಗೆ ಮೂರು ಕಡೆಯಿಂದ ಬಂತು. ನಮ್ಮ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ತೆಲುಗು ಒಕ್ಕಣೆ, ಹಳೆಯ ಸಹೋದ್ಯೋಗಿಗಳ ಗುಂಪಿನಲ್ಲಿ ಹಿಂದಿ, ನಮ್ಮ ಮನೆತನದ ಗುಂಪಿನಲ್ಲಿ ಕನ್ನಡ. ಚಿತ್ರ ಒಂದೇ: ಬೈಕಿನಲ್ಲಿ ಬಂದ ಇಬ್ಬರು, ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವುದು. ಊರಿನ ಹೆಸರು ಮಾತ್ರ ಮೂರರಲ್ಲೂ ಬೇರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಒಂದು ಸ್ವಯಂಸೇವಾ ಸಂಸ್ಥೆ ಮಾಡಿಸಿದ ಜಾಗೃತಿ ಚಿತ್ರ ಅಂತ ಆಮೇಲೆ ಪತ್ತೆಯಾಯಿತು. ಮೂಲ ಚಿತ್ರದಲ್ಲಿ ಬೈಕಿನವರು ಮಗುವನ್ನು ವಾಪಸು ತಂದು ಬಿಟ್ಟು, ಎಚ್ಚರಿಕೆಯ ಬರಹವಿದ್ದ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ನಮ್ಮ ಕಾಯ್ದೆಯಲ್ಲಿ ಇದಕ್ಕೆ ‘ಮೆಟೀರಿಯಲ್ ಆಲ್ಟರೇಶನ್’ ಅನ್ನುತ್ತಾರೆ. ಅಂಕಿ ತಿದ್ದಿದ ಚೆಕ್ಕು ಚೆಕ್ಕೇ ಅಲ್ಲ, ಎಷ್ಟು ಚೆನ್ನಾಗಿ ತಿದ್ದಿದ್ದರೂ.

ಕನ್ನಡದ್ದನ್ನು ಕಳಿಸಿದವಳು ನಮ್ಮ ಅಣ್ಣನ ಮಗಳು. ಭಾಲ್ಕಿ ತಾಲೂಕಿನ ಹಳ್ಳಿಗೆ ಕೊಟ್ಟಿದೆ, ಎರಡು ಸಣ್ಣ ಮಕ್ಕಳು. ಡಿಗ್ರಿ ಓದಿದವಳು, ದಡ್ಡಿ ಅಲ್ಲ. ನಾನು ಫೋನ್ ಮಾಡಿ, ‘ಇದು ಎಲ್ಲಿಂದ ಬಂತವ್ವಾ, ಖರೇನೋ ಸುಳ್ಳೋ ಯಾರಿಗಾದ್ರೂ ಕೇಳಿದ್ಯಾ?’ ಅಂದೆ.

‘ಕೇಳ್ಲಾಕ ಟೈಮ್ ಎಲ್ಲದ ಕಾಕಾ? ಸುಳ್ಳಿದ್ರ ನಂದೇನ್ ಹೋಯ್ತು? ಖರೆ ಇದ್ರ ಒಂದ್ ಕೂಸಿನ ಜೀವ ಉಳೀತದ’ ಅಂದಳು. ನಾನು ಸ್ವಲ್ಪ ಉಪದೇಶ ಶುರುಮಾಡಿದ ಕೂಡಲೇ ಇನ್ನೊಂದು ಮಾತು ಹೇಳಿದಳು: ‘ನೀವು ಗೇಟಿಗಿ ವಾಚ್‌ಮನ್ ಇರೋ ಮನ್ಯಾಗ ಕುಂತು ಹೇಳ್ತೀರಿ. ನಮ್ಮ ಹುಡುಗರು ಹೊಲದ ದಾರಿ ಹಿಡ್ದು ಸಾಲಿಗಿ ಹೋಗ್ತಾವ.’

ಈ ಎರಡನೆಯ ಮಾತಿಗೆ ನನ್ನ ಹತ್ತಿರ ಆ ಹೊತ್ತಿಗೆ ಉತ್ತರ ಇರಲಿಲ್ಲ, ಪೂರ್ತಿ ಉತ್ತರ ಈಗಲೂ ಇಲ್ಲ. ಅಪಾಯದಿಂದ ದೂರ ಇರುವವನಿಗೆ ಸಂಶಯಪಡುವುದು ಸುಲಭ. ಇಷ್ಟು ದೂರ ಈಚೆಗೆ ಕೂತು ‘ಪರಿಶೀಲಿಸಿರಿ’ ಅನ್ನುವುದಕ್ಕೆ ಖರ್ಚೇನೂ ಇಲ್ಲ. ವಿವೇಕ ಅಂತ ನಾವು ಹೇಳಿಕೊಳ್ಳುವುದರಲ್ಲಿ ಒಂದಷ್ಟು ಪಾಲು ಕೇವಲ ಗೇಟು ಮತ್ತು ವಾಚ್‌ಮನ್.

ಮೊದಲನೆಯ ಮಾತಿಗೆ ಉತ್ತರ ಕೆಲವೇ ವಾರಗಳಲ್ಲಿ ಸಿಕ್ಕಿತು, ಸಿಗಬಾರದ ರೀತಿಯಲ್ಲಿ. ಆ ವರ್ಷ ಮೇ ತಿಂಗಳಲ್ಲಿ ಹೈದರಾಬಾದಿನ ಚಂದ್ರಾಯನಗುಟ್ಟದಲ್ಲಿ ಮಕ್ಕಳ ಕಳ್ಳರೆಂಬ ಗುಮಾನಿಯಲ್ಲಿ ಗುಂಪು ಮುಗಿಬಿದ್ದು, ಲಿಂಗಾಂತರಿ ಒಬ್ಬರು ಸತ್ತರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡಾದಲ್ಲಿ ಐವರನ್ನು ಬಡಿದು ಕೊಂದರು. ಅವರು ಭಿಕ್ಷೆ ಬೇಡುತ್ತ ಊರೂರು ಅಲೆಯುವ ನಾಥಪಂಥಿ ಡವರಿ ಗೋಸಾವಿಗಳು, ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಕಡೆಯವರು. ಬಸವಣ್ಣನವರು ಕರಣಿಕರಾಗಿದ್ದರು ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಅದೇ ಮಂಗಳವೇಢೆ.

ಜುಲೈ 13, ಶುಕ್ರವಾರ, ನಮ್ಮ ಜಿಲ್ಲೆಯ ಸರದಿ ಬಂತು. ಹೈದರಾಬಾದಿನ ಗೆಳೆಯರು ಕಾರಿನಲ್ಲಿ ಔರಾದ್ ಕಡೆ ಬಂದಿದ್ದರು. ಹಂದಿಕೇರಾದಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಯಾರಿಗೋ ಗುಮಾನಿ ಬಂತು, ಮಾತಿಗೆ ಮಾತು ಬೆಳೆಯಿತು, ಅವರು ಹೆದರಿ ಕಾರು ಹತ್ತಿ ಹೊರಟರು. ಅವರ ಕಾರಿಗಿಂತ ಮೊದಲು ವಾಟ್ಸಾಪಿನಲ್ಲಿ ಸುದ್ದಿ ಮುರ್ಕಿ ಗ್ರಾಮ ಮುಟ್ಟಿತ್ತು. ಅಲ್ಲಿ ದಾರಿ ಕಟ್ಟಿ ನಿಂತಿದ್ದರು. ಬಿಡಿಸಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಯುವ ಸಾಫ್ಟ್‌ವೇರ್ ಇಂಜಿನಿಯರ್ ಸತ್ತ, ಜೊತೆಯವರು ತೀವ್ರ ಗಾಯಗೊಂಡರು.

ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು ಅಂತ ಓದಿದಾಗ ನಾನು ಪತ್ರಿಕೆ ಕೆಳಗಿಟ್ಟೆ. ಗ್ರಾಮೀಣ ಶಾಖೆಯಲ್ಲಿ ಫೀಲ್ಡ್ ಆಫೀಸರ್ ಆಗಿದ್ದಾಗ ಬಾವಿ ಸಾಲ, ಎಮ್ಮೆ ಸಾಲದ ತಪಾಸಣೆಗೆ ಆ ಸೀಮೆಯ ಎಷ್ಟು ಹಳ್ಳಿ ತಿರುಗಿದ್ದೇನೋ ಲೆಕ್ಕವಿಲ್ಲ. ಜೀಪಿನ ಹಿಂದೆ ಮಕ್ಕಳು ಓಡಿ ಬರುತ್ತಿದ್ದವು. ನಮ್ಮ ಡ್ರೈವರ್ ಡ್ಯಾಶ್‌ಬೋರ್ಡಿನಲ್ಲಿ ಪೆಪ್ಪರ್‌ಮೆಂಟಿನ ಪೊಟ್ಟಣ ಇಟ್ಟುಕೊಂಡೇ ಹೊರಡುತ್ತಿದ್ದ. ಮಗು ಹೆಸರು ಹೇಳಿದರೆ ಒಂದು, ಅಪ್ಪನ ಮನೆ ತೋರಿಸಿದರೆ ಎರಡು.

ಸತ್ತವರ ಪಟ್ಟಿ ನೋಡಿದರೆ ಒಂದು ಮಾತು ಕಣ್ಣಿಗೆ ಹೊಡೆಯುತ್ತದೆ. ರಾಯಿನ್‌ಪಾಡಾದಲ್ಲಿ ಸತ್ತವರು ರಾಯಿನ್‌ಪಾಡಾದವರಲ್ಲ, ಮುರ್ಕಿಯಲ್ಲಿ ಸತ್ತವನು ಮುರ್ಕಿಯವನಲ್ಲ. ಆರು ವರ್ಷ ಮೊದಲು, 2012ರ ಆಗಸ್ಟಿನಲ್ಲಿ ಎಸ್ಸೆಮ್ಮೆಸ್ ವದಂತಿಗೆ ಹೆದರಿ ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಮೂಟೆ ಕಟ್ಟಿಕೊಂಡು ನಿಂತ ಸಾವಿರಾರು ಜನರೂ ಬೆಂಗಳೂರಿನವರಲ್ಲ, ಹೊಟ್ಟೆಪಾಡಿಗೆ ಬಂದ ಈಶಾನ್ಯ ರಾಜ್ಯಗಳವರು. ಇಂಥ ಸುದ್ದಿಯ ಬೆಲೆಯನ್ನು ಮತ್ತೆ ಮತ್ತೆ ತೆರುವವನು ಪರಊರಿನವನು. ಭಾಷೆ ಸರಿಯಾಗಿ ಬಾರದವನು, ‘ಇವ ನಮ್ಮವ, ನನಗೆ ಗೊತ್ತು’ ಅಂತ ಹೇಳುವವರು ಆ ಗುಂಪಿನಲ್ಲಿ ಯಾರೂ ಇಲ್ಲದವನು. ಅಂದರೆ ಯಾರು? ಮುಂಬೈಯಲ್ಲಿ, ಪುಣೆಯಲ್ಲಿ, ಚೆನ್ನೈಯಲ್ಲಿ, ಇಲ್ಲಿ ಹೈದರಾಬಾದಿನಲ್ಲಿ ಇರುವ ನಾವು. ಊರಲ್ಲಿರುವ ನೀವು ಈ ಪುಸ್ತಕ ಓದುವಾಗ ನಮ್ಮನ್ನು ಸುದ್ದಿ ಓದುವವರು, ಸುದ್ದಿ ಕಳಿಸುವವರು ಅಂತಷ್ಟೇ ನೋಡಬೇಡಿ. ಯಾವುದೋ ಒಂದು ಹಳ್ಳಿಯಲ್ಲಿ ದಾರಿ ಕೇಳಲು ಕಾರು ನಿಲ್ಲಿಸಿದ ದಿನ ನಾವೇ ಆ ಸುದ್ದಿ ಆಗಬಹುದು.

‘ಸುಳ್ಳಿದ್ರ ನಂದೇನ್ ಹೋಯ್ತು’ ಅನ್ನುವ ಲೆಕ್ಕದಲ್ಲಿ ಇರುವ ದೋಷ ಇದೇ. ನಷ್ಟ ಇಲ್ಲ ಅಂತಲ್ಲ, ನಷ್ಟ ಬೇರೆಯವನ ಖಾತೆಗೆ ಹೋಗುತ್ತದೆ. 2016ರಿಂದ ಎರಡು ಮೂರು ವರ್ಷ ಕೌಂಟರಿನಲ್ಲಿ ಇದರ ಸಣ್ಣ ರೂಪವನ್ನು ನಾನು ದಿನಾ ಕಂಡಿದ್ದೇನೆ. ಹತ್ತು ರೂಪಾಯಿ ನಾಣ್ಯದಲ್ಲಿ ಹತ್ತು ಗೆರೆ ಇದ್ದರೆ ಅಸಲಿ, ಹದಿನೈದು ಇದ್ದರೆ ನಕಲಿ ಅಂತ ಯಾರೋ ಹಬ್ಬಿಸಿದರು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯವೇ ಅಂತ ಪ್ರಕಟಣೆ ಕೊಟ್ಟಿತು. ನಾವು ಅದನ್ನು ದೊಡ್ಡಕ್ಷರದಲ್ಲಿ ಬರೆದು ಅಂಟಿಸಿದೆವು. ಯಾರು ಓದುತ್ತಾರೆ? ಸುದ್ದಿ ದಾಟಿಸಿದ ಯಾರಿಗೂ ಒಂದು ಪೈಸೆ ನಷ್ಟವಾಗಲಿಲ್ಲ. ನಷ್ಟವಾದದ್ದು ಹೂ ಮಾರುವವಳಿಗೆ. ಅವಳ ಡಬ್ಬಿಯಲ್ಲಿದ್ದ ನಾಣ್ಯವನ್ನು ಕಿರಾಣಿಯವನು ಮುಟ್ಟುತ್ತಿರಲಿಲ್ಲ. ಎರಡು ಸಾವಿರದ ಹೊಸ ನೋಟಿನಲ್ಲಿ ಚಿಪ್ ಇದೆ ಅಂತ ಅದೇ ಸುಮಾರಿಗೆ ಟಿ.ವಿ. ಚಾನೆಲಿನವರೇ ಹೇಳಿದ್ದರು ಅನ್ನುವುದನ್ನೂ ಮರೆಯಬಾರದು. ತಪ್ಪೆಲ್ಲ ಹಳ್ಳಿಯ ಹೆಣ್ಣುಮಕ್ಕಳದು, ಪತ್ರಕರ್ತರೆಲ್ಲ ಸತ್ಯಹರಿಶ್ಚಂದ್ರರು ಅಂತ ನಾನು ಹೇಳುತ್ತಿಲ್ಲ. ಫೋನಿನ ಹಿಂದೆ ಓಡುವ ಅವಸರದಲ್ಲಿ ಕೆಲವರು ತಮ್ಮ ತಿರುಗಿಸಿ ನೋಡುವ ಚಾಳಿಯನ್ನೇ ಬಿಟ್ಟರು.

ಆದರೂ ಅವಳು ಕೆಟ್ಟ ಮನಸ್ಸಿನಿಂದ ಕಳಿಸಿದ್ದಲ್ಲವಲ್ಲ, ಅಂತ ನೀವು ಕೇಳಬಹುದು. ನಿಜ. ಮುರ್ಕಿಯ ಸುದ್ದಿ ದಾಟಿಸಿದವರಲ್ಲೂ ಬಹಳಷ್ಟು ಜನ ಮಕ್ಕಳ ಮೇಲಿನ ಪ್ರೀತಿಯಿಂದಲೇ ದಾಟಿಸಿರಬೇಕು. ಇಲ್ಲಿ ಮತ್ತೆ ಆ ಹಳೆಯ ಕಾಯ್ದೆಯೇ ನನಗೆ ದಾರಿ ತೋರಿಸುತ್ತದೆ. ಬೇರೆಯವನಿಗೆ ಸೇರಬೇಕಾದ ಚೆಕ್ಕನ್ನು ಬ್ಯಾಂಕು ತನ್ನ ಗಿರಾಕಿಗಾಗಿ ವಸೂಲು ಮಾಡಿ ಕೊಟ್ಟಿತು ಅನ್ನಿ. ಬ್ಯಾಂಕಿಗೆ ರಕ್ಷಣೆ ಯಾವಾಗ? ಕಾಯ್ದೆಯ 131ನೇ ಕಲಮು ಎರಡು ಷರತ್ತು ಹಾಕುತ್ತದೆ: ಸದ್ಭಾವನೆ ಇರಬೇಕು, ಮತ್ತು ನಿರ್ಲಕ್ಷ್ಯ ಇರಬಾರದು. ಒಂದು ಸಾಲದು. ‘ನನ್ನ ಮನಸ್ಸಿನಲ್ಲಿ ಮೋಸ ಇರಲಿಲ್ಲ’ ಅಂತ ಮ್ಯಾನೇಜರ್ ಕಣ್ಣೀರು ಹಾಕಿದರೂ ಕೋರ್ಟು ಮುಂದಿನ ಪ್ರಶ್ನೆ ಕೇಳುತ್ತದೆ: ಖಾತೆ ತೆರೆಯುವಾಗ ವಿಚಾರಿಸಿದ್ದೀರಾ? ಅನುಮಾನ ಬರುವ ಹಾಗಿದ್ದದ್ದನ್ನು ಕೇಳಿದ್ದೀರಾ? ನೈತಿಕತೆ ಅಂದರೆ ಒಳ್ಳೆಯ ಮನಸ್ಸು ಅಂತ ನಮಗೆ ಸಣ್ಣಂದಿನಿಂದ ಹೇಳಿಕೊಟ್ಟಿದ್ದಾರೆ. ವಿಚಾರಿಸುವುದು ಜಾಣರ ಕೆಲಸ, ಒಳ್ಳೆಯವರ ಕೆಲಸ ಅಲ್ಲ ಅನ್ನುವ ಹಾಗೆ. ನೂರ ನಲವತ್ತು ವರ್ಷದ ಹಿಂದೆ ವ್ಯಾಪಾರಿಗಳಿಗಾಗಿ ಬರೆದ ಒಂದು ಒಣ ಕಾಯ್ದೆ ಮಾತ್ರ ಎರಡನ್ನೂ ಒಟ್ಟಿಗೆ ಕಟ್ಟಿ ಇಟ್ಟಿದೆ.

ಇದಕ್ಕೆ ಸರಕಾರ ಒಂದು ಕಾನೂನು ಮಾಡಿ ಎಲ್ಲರನ್ನೂ ಒಳಗೆ ಹಾಕಬಾರದೇಕೆ ಅಂತ ನಮ್ಮ ವಾಕಿಂಗ್ ಗೆಳೆಯರು ಕೇಳುತ್ತಾರೆ. ಅದನ್ನೂ ನೋಡಿ ಆಯಿತು. 2012ರಲ್ಲಿ ಮುಂಬೈ ಪಕ್ಕದ ಪಾಲ್‌ಘರ್‌ನಲ್ಲಿ ಬಂದ್ ಬಗ್ಗೆ ಫೇಸ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದದ್ದಕ್ಕೆ ಒಬ್ಬ ಹುಡುಗಿಯನ್ನು, ಅದನ್ನು ಮೆಚ್ಚಿದ್ದಕ್ಕೆ ಇನ್ನೊಬ್ಬಳನ್ನು ಪೊಲೀಸರು ಹಿಡಿದರು. 2015ರಲ್ಲಿ ಸುಪ್ರೀಂ ಕೋರ್ಟು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನೇ ರದ್ದು ಮಾಡಿತು, ಒಳ್ಳೆಯದೇ ಆಯಿತು. ವಾಟ್ಸಾಪಿನವರು 2018ರಲ್ಲಿ ಭಾರತದಲ್ಲಿ ಒಂದು ಸಲಕ್ಕೆ ಐದೇ ಕಡೆ ಕಳಿಸಬಹುದು ಅಂತ ಮಿತಿ ಹಾಕಿದರು, 2020ರಲ್ಲಿ ಬಹಳ ಸಲ ದಾಟಿ ಬಂದದ್ದನ್ನು ಒಂದೇ ಕಡೆ ಅಂದರು. ವೇಗ ಕಡಿಮೆಯಾಗುತ್ತದೆ, ಆಗಲಿ. ಚೆಕ್ಕಿನ ಹಿಂಬದಿ ಮಾತ್ರ ಖಾಲಿಯೇ ಉಳಿಯುತ್ತದೆ.

ದೂರದಲ್ಲಿರುವವನಿಗೆ ಇನ್ನೊಂದು ತೊಡಕು ಇದೆ. ನಾನು ಹೈದರಾಬಾದಿನಲ್ಲಿ ಕೂತು ಊರಿನ ಜಗಳದ ಬಗ್ಗೆ ಒಂದು ಬಿಸಿ ಮಾತು ಕಳಿಸಿದರೆ ನನ್ನ ಅಂಗಡಿ ಮುಚ್ಚುವುದಿಲ್ಲ, ನನ್ನ ಮೊಮ್ಮಗನ ಶಾಲೆಗೆ ರಜೆ ಆಗುವುದಿಲ್ಲ. ಅಲ್ಲಿ ಎರಡು ಓಣಿಯವರು ಒಂದೇ ಬೋರ್‌ವೆಲ್ಲಿಗೆ ಹೋಗಬೇಕು, ಒಂದೇ ಬಸ್ಸು ಹತ್ತಬೇಕು. ಹಾಗಾಗಿ ಅವರಿಗೆ ಸಿಟ್ಟಿಗೂ ಒಂದು ಮಿತಿ ಇರುತ್ತದೆ, ನಮಗೆ ಇರುವುದಿಲ್ಲ. ನಮ್ಮ ಮನೆತನದ ಗುಂಪಿನಲ್ಲಿ ನಾನು ಕಂಡ ಹಾಗೆ, ಊರಿನ ಬಗ್ಗೆ ಅತಿ ಖಾರವಾಗಿ ಬರೆಯುವವರು ಊರಿನಿಂದ ಅತಿ ದೂರ ಇರುವವರು. ಪ್ರೀತಿ ಇಲ್ಲ ಅಂತಲ್ಲ. ಊರಿಗೆ ನಾವು ಇನ್ನೂ ಸೇರಿದವರು ಅಂತ ತೋರಿಸಿಕೊಳ್ಳಲು ಉಳಿದಿರುವ ಒಂದೇ ದಾರಿ ಅದು ಅಂತ ಅವರಿಗೆ ಅನ್ನಿಸಿರಬೇಕು. ಆದರೆ ಹೊಣೆ ಹೊರದವನು ಗಟ್ಟಿಯಾಗಿ ಮಾತಾಡುವುದು ನನಗೆ ಸರಿ ಕಾಣುವುದಿಲ್ಲ. ಜಾಮೀನು ಹಾಕದೆ ಸಾಲಕ್ಕೆ ಶಿಫಾರಸು ಮಾಡುವವರನ್ನು ನಾನು ಕೆಲಸದಲ್ಲಿ ಇದ್ದಷ್ಟು ದಿನವೂ ನೋಡಿದ್ದೇನೆ.

ಪತ್ರಿಕೆಯವರೂ ಕಾನೂನಿನವರೂ ಮಾಡದ ಕೆಲಸವನ್ನು ಕೆಲವು ಹುಡುಗರು ಮಾಡಿದ್ದನ್ನು 2021ರ ಏಪ್ರಿಲ್-ಮೇ ತಿಂಗಳಲ್ಲಿ ನೋಡಿದೆ. ಕೋವಿಡ್ ಎರಡನೇ ಅಲೆ, ಆಕ್ಸಿಜನ್ ಇಲ್ಲ, ಹಾಸಿಗೆ ಇಲ್ಲ. ನೂರಾರು ಫೋನ್ ನಂಬರುಗಳು ಹರಿದಾಡುತ್ತಿದ್ದವು. ಹಚ್ಚಿದರೆ ಅರ್ಧ ಸತ್ತ ನಂಬರು, ಉಳಿದವರು ‘ನಿನ್ನೆಯೇ ಮುಗೀತು’ ಅನ್ನುವವರು. ರೋಗಿಯ ಮಗ ಅಂಥ ಇಪ್ಪತ್ತು ನಂಬರು ಹಚ್ಚುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಆಗ ಊರೂರಿನ ಸ್ವಯಂಸೇವಕ ಹುಡುಗರು ಒಂದು ಪದ್ಧತಿ ಹಿಡಿದರು. ಪ್ರತಿ ನಂಬರಿಗೆ ತಾವೇ ಫೋನ್ ಮಾಡಿ ಕೇಳುವುದು, ಸಿಕ್ಕರೆ ‘ವೆರಿಫೈಡ್’ ಅಂತ ಬರೆದು ಪಕ್ಕದಲ್ಲಿ ಸಮಯ ಹಾಕುವುದು. ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಕಾಲೇಜು ಹುಡುಗಿ ಕಳಿಸುತ್ತಿದ್ದ ಪಟ್ಟಿಯಲ್ಲಿ ಅವಳ ಹೆಸರೂ ಇರುತ್ತಿತ್ತು: ಬೆಳಗ್ಗೆ 10.40ಕ್ಕೆ ನಾನೇ ಮಾತಾಡಿದ್ದೇನೆ, ಎರಡು ಸಿಲಿಂಡರ್ ಇವೆ. ಅವಳಿಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಹೆಸರೂ ಗೊತ್ತಿಲ್ಲ. ಹತ್ತು ನಿಮಿಷ ತಡವಾಗುತ್ತದೆ ಅಂತ ಅವಳೂ ವಿಚಾರಿಸುವುದನ್ನು ಬಿಡಬಹುದಿತ್ತು, ಜೀವದ ಪ್ರಶ್ನೆ ಅಲ್ಲೂ ಇತ್ತು. ಆ ಹತ್ತು ನಿಮಿಷವೇ ಜೀವ ಉಳಿಸುವುದು ಅಂತ ಅವಳು ಹೇಗೋ ಕಂಡುಕೊಂಡಿದ್ದಳು.

ಅಣ್ಣನ ಮಗಳು ಈಗಲೂ ಸುದ್ದಿ ಕಳಿಸುತ್ತಾಳೆ, ಮೊದಲಿಗಿಂತ ಕಡಿಮೆ. ಮುರ್ಕಿಯ ಬಗ್ಗೆ ನಾವಿಬ್ಬರೂ ಒಂದು ದಿನವೂ ಮಾತಾಡಿಲ್ಲ. ಹೋದ ಬೇಸಿಗೆಯಲ್ಲಿ ಅವಳ ಮಕ್ಕಳ ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಬಾಗಿಲಿಗೆ ಚಿಲಕ ಇಲ್ಲ ಅಂತ ಫೋಟೋ ಹಾಕಿದಳು. ಕೆಳಗೆ ಬರೆದಿದ್ದಳು: ‘ಸೋಮವಾರ ನಾ ಖುದ್ದ ಹೋಗಿ ನೋಡೀನಿ, ಹೆಡ್‌ಮಾಸ್ತರಿಗಿ ಕೇಳೀನಿ.’ ಅದರ ಕೆಳಗೆ ತನ್ನ ಹೆಸರು, ಗಂಡನ ಮನೆಯ ಅಡ್ಡಹೆಸರು ಸಮೇತ. ಎಂಟು ದಿನದ ಮೇಲೆ ಅದೇ ಫೋಟೋ ಒಂದು ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬಂತು, ಅವಳ ಹೆಸರು ಇರಲಿಲ್ಲ. ನಾನು ಖುಷಿಯಿಂದ ಫೋನ್ ಮಾಡಿದರೆ ಅವಳು ಸಿಟ್ಟಿನಲ್ಲಿದ್ದಳು.

‘ಹೆಸರು ಯಾಕ್ ತೆಗೆದ್ರು ಕಾಕಾ? ನಾಳಿ ಪಂಚಾಯ್ತಿದವರು ಇದು ಸುಳ್ಳು ಅಂದ್ರ ಯಾರು ಹೋಗಿ ಹೇಳೋರು?’